ಅಮ್ಮನ ಕ್ಯಾಪ್ಸುಲ್ ಕಾಫಿ ಮಿಷನ್ ಹನಿ ಹನಿಯಾಗಿ ಬಿಡುತ್ತಿದೆ, ಏನು ಮಾಡಲಿ?

ವಿವಿ ನಗರದ ಮಗಳು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಓದಿ.

ನಮ್ಮಮ್ಮ ಮಂಡ್ಯದಲ್ಲಿ ಒಬ್ಬರೇ ಇದ್ದಾರೆ. ವಯಸ್ಸು 71. ನಾನಿರುವುದು ಮೈಸೂರಿನ ವಿಜಯನಗರದಲ್ಲಿ, ವಾರಕ್ಕೊಮ್ಮೆ ಹೋಗಿಬರುತ್ತೇನೆ. ಅಮ್ಮನ ಕೈಬೆರಳಿನ ಗಂಟುಗಳು ಊದಿಕೊಂಡು ಮೂರು ವರ್ಷವಾಯಿತು. ಫಿಲ್ಟರಿನ ಮೇಲಿನ ಪಾತ್ರೆ ಬಿಗಿಯಾಗಿ ಕೂತರೆ ಅವರಿಗೆ ಬಿಡಿಸುವುದಕ್ಕೆ ಆಗುವುದಿಲ್ಲ. ಒಂದು ದಿನ ಜೋರು ಮಾಡಿ ಬಿಡಿಸಲು ಹೋಗಿ ಬಿಸಿ ಡಿಕಾಕ್ಷನ್ ಪಾದದ ಮೇಲೆ ಚೆಲ್ಲಿಕೊಂಡರು. ಅದಾದ ಮೇಲೆ ನನ್ನ ತಮ್ಮ ಈ ಮಿಷನ್ ತಂದುಕೊಟ್ಟ. ಚಿಕ್ಕ ಅಲ್ಯೂಮಿನಿಯಂ ಕ್ಯಾಪ್ಸುಲ್ ಹಾಕಿ, ಹಿಡಿಕೆ ಒತ್ತಿ, ಗುಂಡಿ ಒತ್ತಿದರೆ ಆಯಿತು. ಬೆಳಿಗ್ಗೆ ಐದಕ್ಕೆ ಎದ್ದು ಯಾರನ್ನೂ ಕಾಯದೆ ತಮ್ಮ ಕಾಫಿ ತಾವೇ ಮಾಡಿಕೊಳ್ಳುತ್ತಾರೆ.

ಎರಡು ವರ್ಷ ಚೆನ್ನಾಗಿತ್ತು. ಈಗ ಒಂದು ತಿಂಗಳಿಂದ ತೊಂದರೆ. ಮೊದಲು ಅರ್ಧ ನಿಮಿಷದಲ್ಲಿ ಬೀಳುತ್ತಿದ್ದ ಕಾಫಿ ಈಗ ಒಂದೂವರೆ ನಿಮಿಷ ಆದರೂ ಅರ್ಧ ಬಟ್ಟಲು. ಅದೂ ಉಗುರುಬೆಚ್ಚಗೆ. ಪಂಪು ಗುರ್‍ ಅಂತ ಕಷ್ಟಪಡುತ್ತದೆ. ಸರ್ವಿಸ್ ಸೆಂಟರಿಗೆ ಫೋನ್ ಮಾಡಿದರೆ ಬೆಂಗಳೂರಿಗೆ ಕಳಿಸಿ, ಮೂರು ವಾರ ಬೇಕು ಅಂದರು. ಮೂರು ವಾರ ಅಮ್ಮ ಏನು ಮಾಡಬೇಕು? ಮನೆಯಲ್ಲೇ ಸರಿ ಮಾಡುವ ದಾರಿ ಯಾರಿಗಾದರೂ ಗೊತ್ತಿದೆಯಾ?

ಸರಸ್ವತಿಪುರಂ ಫಿಲ್ಟರ್:

ಮೇಡಂ, ನಾನು ಫಿಲ್ಟರ್ ಪಕ್ಷದವನು, ಮೊದಲೇ ಹೇಳಿಬಿಡುತ್ತೇನೆ. ಆ ಚಿಕ್ಕ ಕ್ಯಾಪ್ಸುಲಿನಲ್ಲಿ ಇರುವುದು ಸುಮಾರು 5 ಗ್ರಾಂ ಪುಡಿ. ಒಂದು ಕಿಲೋಗೆ 200 ಕ್ಯಾಪ್ಸುಲ್. ಒಂದಕ್ಕೆ 50 ರೂಪಾಯಿ ಅಂತ ಇಟ್ಟುಕೊಂಡರೂ ಪುಡಿ ಕಿಲೋಗೆ 10,000 ರೂಪಾಯಿ ಬಿತ್ತು. ಆ ದುಡ್ಡಿಗೆ ಅಮ್ಮನಿಗೆ ರಾತ್ರಿಯೇ ಯಾರಾದರೂ ಡಿಕಾಕ್ಷನ್ ಇಳಿಸಿಕೊಟ್ಟರೆ ಆಗುವುದಿಲ್ಲವೇ?

ವಿವಿ ನಗರದ ಮಗಳು:

ಸರ್, ನಿಮ್ಮ ಲೆಕ್ಕ ಸರಿ, ಒಪ್ಪುತ್ತೇನೆ. ಆರು ತಿಂಗಳು ಹಾಗೇ ಮಾಡಿದ್ದೆವು. ಪಕ್ಕದ ಮನೆಯವರು ಇಳಿಸಿಕೊಡುತ್ತಿದ್ದರು. ಅವರು ಊರಿಗೆ ಹೋದ ದಿನ ಅಮ್ಮನಿಗೆ ಕಾಫಿ ಇಲ್ಲ. ಕೇಳುವುದಕ್ಕೂ ಸಂಕೋಚ. ಅಮ್ಮ ದಿನಕ್ಕೆ ಎರಡೇ ಕಪ್ ಕುಡಿಯುವುದು. ಆ ಎರಡು ಕಪ್ಪಿಗೆ ಬೇರೆಯವರ ಮುಖ ನೋಡಬಾರದು ಅನ್ನುವುದು ಅವರ ಆಸೆ. ಅದಕ್ಕೆ ನಾವು ದುಡ್ಡಿನ ಲೆಕ್ಕ ಬಿಟ್ಟಿದ್ದೇವೆ.

ಸರಸ್ವತಿಪುರಂ ಫಿಲ್ಟರ್:

ಅರ್ಥವಾಯಿತು ಮೇಡಂ. ಪೂರ್ತಿ ಯೋಚಿಸದೆ ಬರೆದೆ, ತಪ್ಪು ತಿಳಿಯಬೇಡಿ. ಮಿಷನ್ ಬಗ್ಗೆ ಗೊತ್ತಿರುವವರು ಉತ್ತರ ಕೊಡಲಿ.

ಮಂಡ್ಯ ನೀರಿನ ಕೆಲಸ:

ಅಕ್ಕ, ನಾನು ಮಂಡ್ಯದಲ್ಲಿ ಕುಡಿಯುವ ನೀರಿನ ಆರ್.ಓ. ಫಿಲ್ಟರ್ ರಿಪೇರಿ ಮಾಡುವವನು. ಒಂದೇ ಪ್ರಶ್ನೆ. ಮಿಷನ್ನಿಗೆ ಯಾವ ನೀರು ಹಾಕುತ್ತಾರೆ? ಕಾವೇರಿ ನೀರಾ, ಬೋರ್ ನೀರಾ?

ವಿವಿ ನಗರದ ಮಗಳು:

ಕಾವೇರಿ ನೀರು ಬಂದಾಗ ಕುಡಿಯುವುದಕ್ಕೆ ಹಿಡಿದಿಡುತ್ತಾರೆ. ಮಿಷನ್ನಿಗೆ ಅಡುಗೆಮನೆ ನಲ್ಲಿಯ ನೀರೇ, ಅಂದರೆ ಬೋರ್. "ಹೇಗಿದ್ದರೂ ಕಾಯುತ್ತದಲ್ಲ" ಅಂತಾರೆ ಅಮ್ಮ.

ಮಂಡ್ಯ ನೀರಿನ ಕೆಲಸ:

ಅದೇ ಕಾರಣ ಅಕ್ಕ. ಕಾಯುವುದರಿಂದಲೇ ತೊಂದರೆ. ಗೀಸರ್ ಕಾಯಿಲ್ ಬಿಚ್ಚಿದಾಗ ನೋಡಿದ್ದೀರಲ್ಲ, ಸುತ್ತ ಸುಣ್ಣ ಬಳಿದ ಹಾಗೆ ಹಕ್ಕಳೆ ಕಟ್ಟಿರುತ್ತದೆ. ಬೋರ್ ನೀರಿನಲ್ಲಿ ಕ್ಯಾಲ್ಸಿಯಂ ಬೈಕಾರ್ಬನೇಟ್ ಕರಗಿರುತ್ತದೆ. ತಣ್ಣಗಿರುವಾಗ ಕಣ್ಣಿಗೆ ಕಾಣುವುದಿಲ್ಲ. ಬಿಸಿಯಾದ ಕೂಡಲೇ ಕ್ಯಾಲ್ಸಿಯಂ ಕಾರ್ಬನೇಟ್ ಆಗಿ ಗಟ್ಟಿಯಾಗಿ ಕೂರುತ್ತದೆ. ಗೀಸರಿನಲ್ಲಿ ಜಾಗ ದೊಡ್ಡದು, ವರ್ಷಗಟ್ಟಲೆ ತಡೆಯುತ್ತದೆ. ಈ ಮಿಷನ್ನಿನಲ್ಲಿ ನೀರು ಕಾಯುವುದು ಸಣ್ಣ ಕೊಳವೆಯಲ್ಲಿ. ಕೂದಲೆಳೆಯಷ್ಟು ಪೊರೆ ಕಟ್ಟಿದರೂ ನೀರು ಹೋಗುವುದು ಕಮ್ಮಿ, ಶಾಖ ದಾಟುವುದೂ ಕಮ್ಮಿ. ನೀವು ಬರೆದ ಎರಡು ಲಕ್ಷಣಕ್ಕೂ ಮೂಲ ಒಂದೇ, ಹನಿ ಹನಿ ಬೀಳುವುದು ಮತ್ತು ಉಗುರುಬೆಚ್ಚಗಿರುವುದು.

ಕುಡಿಯುವ ನೀರಿನ ಗಡಸುತನ, ಅಂದರೆ ಕರಗಿರುವ ಸುಣ್ಣದಂಥ ಅಂಶ, ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು ಅಂತ ಭಾರತೀಯ ಮಾನಕ. ಬೇರೆ ನೀರೇ ಇಲ್ಲದ ಕಡೆ 600ರವರೆಗೂ ಬಿಡುತ್ತಾರೆ. ನಾನು ಅಳೆಯುವ ಎಷ್ಟೋ ಬೋರ್‌ವೆಲ್‌ಗಳು ಆ ಮೇಲಿನ ಅಂಕಿಯ ಹತ್ತಿರ ಇರುತ್ತವೆ. ಅಂಥ ನೀರು ದಿನಾ ಹಾಕಿದರೆ ಎರಡು ವರ್ಷ ನಡೆದದ್ದೇ ಹೆಚ್ಚು. ಮಿಷನ್ ಕೆಟ್ಟಿಲ್ಲ, ಗಂಟಲು ಕಟ್ಟಿದೆ ಅಷ್ಟೇ. ಬೆಂಗಳೂರಿಗೆ ಕಳಿಸುವ ಮೊದಲು ಒಮ್ಮೆ ಸುಣ್ಣ ಬಿಡಿಸಿ ನೋಡಿ.

ಗೋಕುಲಂ ಮೂರನೇ ಹಂತ:

ಸುಣ್ಣ ಬಿಡಿಸುವುದು ನಾನು ವರ್ಷಕ್ಕೆ ನಾಲ್ಕು ಸಲ ಮಾಡುತ್ತೇನೆ. ಮಾಡುವ ರೀತಿ ಬರೆಯುತ್ತೇನೆ.

ಮಿಷನ್ ಇನ್ನೂ ವಾರಂಟಿಯಲ್ಲಿದ್ದರೆ ಕಂಪನಿಯವರ ಡೀಸ್ಕೇಲಿಂಗ್, ಅಂದರೆ ಸುಣ್ಣ ಬಿಡಿಸುವ, ದ್ರಾವಣವನ್ನೇ ಹಾಕಿ, ನಾಳೆ ಮಾತು ಬರುವುದು ಬೇಡ. ವಾರಂಟಿ ಮುಗಿದಿದ್ದರೆ ಸಿಟ್ರಿಕ್ ಆ್ಯಸಿಡ್ ಸಾಕು. ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಅಂದರೆ ಕೊಡುತ್ತಾರೆ. ಒಂದು ಲೀಟರ್ ನೀರಿಗೆ 25 ಗ್ರಾಂ, ಅಂದರೆ ಎರಡು ದೊಡ್ಡ ಚಮಚ. ನಿಮ್ಮದು ಚಿಕ್ಕ ಟ್ಯಾಂಕ್ ಆದರೆ ಅರ್ಧ ಲೀಟರಿಗೆ ಒಂದು ಚಮಚ. ಪೂರ್ತಿ ಕರಗಿಸಿ, ಒಂದು ಹರಳೂ ಉಳಿಯಬಾರದು. ಬೇಗ ಆಗಲಿ ಅಂತ ಜಾಸ್ತಿ ಹಾಕಬೇಡಿ. ಗಾಢವಾಗಿದ್ದು ತುಂಬಾ ಬಿಸಿಯಾದರೆ ಕ್ಯಾಲ್ಸಿಯಂ ಸಿಟ್ರೇಟ್ ಅಂತ ಬೇರೆ ಪುಡಿ ಗಟ್ಟಿಯಾಗಿ ಕೂರುತ್ತದೆ. ಒಂದು ಹೋಗಿ ಇನ್ನೊಂದು ಬಂದ ಹಾಗೆ.

ಒಳಗಿರುವ ಕ್ಯಾಪ್ಸುಲ್ ತೆಗೆಯಿರಿ. ಬಾಯಿಯ ಕೆಳಗೆ ದೊಡ್ಡ ಪಾತ್ರೆ ಇಡಿ. ಡೀಸ್ಕೇಲಿಂಗ್ ಹೇಗೆ ಶುರು ಮಾಡುವುದು ಅಂತ ಮ್ಯಾನ್ಯುಅಲ್‌ನಲ್ಲಿ ಇರುತ್ತದೆ, ಒಂದೊಂದು ಮಾಡೆಲ್‌ಗೆ ಒಂದೊಂದು ಥರ. ಅರ್ಧ ದ್ರಾವಣ ಹೋದ ಮೇಲೆ ನಿಲ್ಲಿಸಿ ಕಾಲು ಗಂಟೆ ಸುಮ್ನೆ ಬಿಡಿ. ಒಳಗೆ ಕೂತಿರುವ ಹಕ್ಕಳೆ ಕರಗುವುದು ಆ ಹೊತ್ತಿನಲ್ಲಿ. ಆಮೇಲೆ ಉಳಿದದ್ದು ಬಿಡಿ. ಪಾತ್ರೆಗೆ ಬಿದ್ದ ನೀರನ್ನು ಬಟ್ಟೆಯಲ್ಲಿ ಸೋಸಿ ಇನ್ನೊಂದು ಸುತ್ತು ಹಾಕಬಹುದು. ಕೊನೆಗೆ ಒಳ್ಳೆಯ ನೀರು ಎರಡು ಟ್ಯಾಂಕ್ ಹೊಡೆಸಿ. ನಾಲಿಗೆಗೆ ಒಂದು ಹನಿ ಹಾಕಿ ನೋಡಿ. ಹುಳಿ ಇದ್ದರೆ ಇನ್ನೊಂದು ಟ್ಯಾಂಕ್.

ವಿನೆಗರ್ ಬೇಡ. ವಾಸನೆ ವಾರಗಟ್ಟಲೆ ಹೋಗುವುದಿಲ್ಲ, ರಬ್ಬರ್ ವಾಷರಿಗೂ ಒಳ್ಳೆಯದಲ್ಲ.

ಜಯಲಕ್ಷ್ಮೀಪುರಂ ಅಜ್ಜಿ:

ನನ್ನದೂ ಒಂದು ಕೇಳಿ. ನನ್ನ ಮಗಳು ಅಮೆರಿಕದಿಂದ ಬರುವಾಗ ದೊಡ್ಡ ಪ್ಲಾಸ್ಟಿಕ್ ಕಪ್ ಹಾಕುವ ಮಿಷನ್ ತಂದಿದ್ದಾಳೆ, ಕೆ-ಕಪ್ ಅಂತೆ. ಇನ್ನೂ ಡಬ್ಬಿಯಲ್ಲೇ ಇದೆ. ಪ್ಲಗ್ಗಿಗೆ ಒಂದು ಅಡಾಪ್ಟರ್ ಸಿಕ್ಕಿಸಿದರೆ ಸಾಕು ಅಂತ ಅಂಗಡಿಯವನು ಹೇಳಿದ. ಸಾಕಾ?

ಬೋಗಾದಿ ವೈರಿಂಗ್:

ಅಮ್ಮಾ, ದಯವಿಟ್ಟು ಸಿಕ್ಕಿಸಬೇಡಿ! ಅಡಾಪ್ಟರ್ ಬದಲಾಯಿಸುವುದು ಪಿನ್ನಿನ ಆಕಾರ ಮಾತ್ರ, ವೋಲ್ಟೇಜ್ ಅಲ್ಲ. ಅಲ್ಲಿನದು 120 ವೋಲ್ಟ್, ನಮ್ಮದು 230. ವೋಲ್ಟೇಜ್ ಎರಡು ಪಟ್ಟಾದರೆ ಹೀಟರ್ ಎಳೆಯುವ ಪವರ್ ನಾಲ್ಕು ಪಟ್ಟಾಗುತ್ತದೆ. ನಿಮ್ಮ ಲೆಕ್ಕದಲ್ಲಿ ಮೂರೂವರೆ ಪಟ್ಟಿಗಿಂತ ಜಾಸ್ತಿ. ಮಿಷನ್ ಸುಟ್ಟುಹೋಗುವುದು ಒಂದು ಕಡೆ, ಬೆಂಕಿಯ ಭಯ ಇನ್ನೊಂದು ಕಡೆ. ಮಿಷನ್ನಿನ ತಳದಲ್ಲಿ ಅಂಟಿಸಿರುವ ಚೀಟಿ ನೋಡಿ. 220-240 ಅಂತ ಇದ್ದರೆ ಸರಿ. ಬರೀ 120 ಅಂತ ಇದ್ದರೆ ವೋಲ್ಟೇಜ್ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಮಿಷನ್ 1500 ವ್ಯಾಟ್ ಆದರೆ ಟ್ರಾನ್ಸ್‌ಫಾರ್ಮರ್ 2000 ವ್ಯಾಟಿನದಾದರೂ ಇರಲಿ. ಎತ್ತುವುದಕ್ಕೆ ಇಬ್ಬರು ಬೇಕಾದಷ್ಟು ಭಾರ ಬರುತ್ತವೆ ಕೆಲವು. ಒಂದು ಲೋಟ ಕಾಫಿಗೆ ಅಷ್ಟೆಲ್ಲ ಬೇಡ ಅಮ್ಮಾ. ಮಗಳು ಮತ್ತೆ ಹೋಗುವಾಗ ವಾಪಸ್ ಕೊಟ್ಟು ಕಳಿಸಿ.

ವಿವಿ ನಗರದ ಮೇಡಂ, ನಿಮಗೂ ಒಂದು ಮಾತು. ಅಮ್ಮನ ಮಿಷನ್ ಯಾವ ಸಾಕೆಟ್ಟಿನಲ್ಲಿದೆ? ಇಂಥವು 1200ರಿಂದ 1500 ವ್ಯಾಟ್ ಎಳೆಯುತ್ತವೆ. 6 ಆಂಪ್ ಸಾಕೆಟ್ ತಡೆಯುವುದು 1380 ವ್ಯಾಟ್. ಹಳೇ ಮನೆಯ ಸಾಕೆಟ್ಟಿನಲ್ಲಿ ಒಳಗಿನ ತಗಡು ಸಡಿಲವಾಗಿರುತ್ತದೆ, ಅಷ್ಟನ್ನೂ ತಡೆಯುವುದಿಲ್ಲ. ಮಿಷನ್ನಿಗೆ 16 ಆಂಪ್ ಸಾಕೆಟ್ಟೇ ಬೇಕು, ಅರ್ಥಿಂಗ್ ಸರಿ ಇರಬೇಕು. ಕರೆಂಟ್ ಹೋದಾಗ ಮನೆಯ ಯುಪಿಎಸ್ ಮೇಲೆ ಹಾಕಬೇಡಿ ಅಂತಲೂ ಅಮ್ಮನಿಗೆ ಹೇಳಿ. ಲೈಟು ಫ್ಯಾನಿಗೆ ಅಂತ ಹಾಕಿಸಿರುವ ಯುಪಿಎಸ್ ಈ ಲೋಡ್ ತಡೆಯುವುದಿಲ್ಲ.

ಜಯಲಕ್ಷ್ಮೀಪುರಂ ಅಜ್ಜಿ:

ಚೀಟಿ ನೋಡಿದೆ ಕಣಪ್ಪ. ಬರೀ 120 ಅಂತಿದೆ. ಡಬ್ಬಿ ಮುಚ್ಚಿಟ್ಟೆ. ಒಳ್ಳೆಯ ಹೊತ್ತಿಗೆ ಹೇಳಿದೆ, ದೇವರು ಚೆನ್ನಾಗಿಟ್ಟಿರಲಿ.

ವಿವಿ ನಗರದ ಮಗಳು:

ನನ್ನ ಎದೆ ಧಸಕ್ ಅಂದಿತು. ಅಮ್ಮನ ಮಿಷನ್ ಇರುವುದು ಎಕ್ಸ್‌ಟೆನ್ಷನ್ ಬಾಕ್ಸಿನಲ್ಲಿ. ಅದಕ್ಕೇ ಮಿಕ್ಸಿಯನ್ನೂ ಹಾಕಿದ್ದಾರೆ. ಈ ಶನಿವಾರ ಹೋಗುತ್ತೇನೆ, ಎಲ್ಲ ನೋಡುತ್ತೇನೆ.

ನಂಜನಗೂಡು ರಸ್ತೆ:

ನಡುವೆ ಒಂದು ಅನುಮಾನ ಕೇಳಲಾ? ಈ ಕ್ಯಾಪ್ಸುಲ್ ಒಳಗೆ ಇರುವುದು ಇನ್‌ಸ್ಟಂಟ್ ಪುಡಿನಾ? ನಮ್ಮ ಮನೆಯಲ್ಲಿ ಎಲ್ಲರೂ ಹಾಗೇ ಅಂದುಕೊಂಡಿದ್ದಾರೆ.

ತೋಟದ ಮನೆ, ಈಗ ಮೈಸೂರು:

ಅಲ್ಲ. ಇನ್‌ಸ್ಟಂಟ್ ಅಂದರೆ ಕಾರ್ಖಾನೆಯಲ್ಲೇ ಡಿಕಾಕ್ಷನ್ ತೆಗೆದು ನೀರು ಒಣಗಿಸಿದ ಪುಡಿ, ಬಿಸಿನೀರಿನಲ್ಲಿ ಪೂರ್ತಿ ಕರಗುತ್ತದೆ. ನಿಮ್ಮ ರಸ್ತೆಯ ತುದಿಯಲ್ಲಿ, ನಂಜನಗೂಡಿನಲ್ಲಿ 1989ರಿಂದ ಇರುವ ನೆಸ್ಲೆ ಕಾರ್ಖಾನೆಯಲ್ಲಿ ಮಾಡುವುದು ಅದನ್ನು. ಈ ಅಲ್ಯೂಮಿನಿಯಂ ಕ್ಯಾಪ್ಸುಲಿನಲ್ಲಿ ಇರುವುದು ಹುರಿದು ಪುಡಿ ಮಾಡಿದ ಕಾಫಿಯೇ, ಗಾಳಿ ತಾಗದ ಹಾಗೆ ಮುಚ್ಚಿರುತ್ತಾರೆ. ಅದೇ ನೆಸ್ಲೆಯಲ್ಲಿದ್ದ ಎರಿಕ್ ಫಾವ್ರ್ ಅನ್ನುವ ಸ್ವಿಸ್ ಎಂಜಿನಿಯರ್ 1976ರಲ್ಲಿ ಪೇಟೆಂಟ್ ಮಾಡಿಸಿದ ಉಪಾಯ. ನೆಸ್‌ಪ್ರೆಸೊ ಅಂತ ಮಾರಾಟಕ್ಕೆ ಬಂದದ್ದು 1986ರಲ್ಲಿ. ಮಿಷನ್ ಕ್ಯಾಪ್ಸುಲಿಗೆ ತೂತು ಮಾಡಿ, ಜೋರು ಒತ್ತಡದಲ್ಲಿ ಬಿಸಿನೀರು ನುಗ್ಗಿಸುತ್ತದೆ. ಅಜ್ಜಿಯವರು ಹೇಳಿದ ಕೆ-ಕಪ್ ಬೇರೆ ಜಾತಿ. ಅದರಲ್ಲಿ ಒತ್ತಡ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಕಪ್ಪಿನೊಳಗೆ ಕಾಗದದ ಸೋಸುಬಟ್ಟೆಯಂಥದ್ದು ಇರುತ್ತದೆ, ನೀರು ಅದರಲ್ಲಿ ಇಳಿದು ತೆಳ್ಳನೆಯ ದೊಡ್ಡ ಲೋಟದ ಕಾಫಿ ಆಗುತ್ತದೆ. ನಮ್ಮ ಹಾಲಿಗೆ ಅದು ನಿಲ್ಲುವುದಿಲ್ಲ.

ವಿವಿ ನಗರದ ಮಗಳು:

ಹಾಲಿನ ಮಾತು ಬಂತಲ್ಲ, ಅದೂ ಕೇಳುತ್ತೇನೆ. ಅಮ್ಮ ಮೊದಲ ದಿನದಿಂದ ಹೇಳುವ ದೂರು ಒಂದೇ, "ಕಾಫಿ ಚೆನ್ನಾಗಿದೆ, ಆದರೆ ಗಟ್ಟಿ ಇಲ್ಲ."

ತೋಟದ ಮನೆ, ಈಗ ಮೈಸೂರು:

ಅಮ್ಮನ ನಾಲಿಗೆ ಸರಿಯಾಗಿಯೇ ಹೇಳುತ್ತಿದೆ. ಅವರು ಹುಡುಕುತ್ತಿರುವುದು ಚಿಕೋರಿ. ನಮ್ಮ ಕಡೆಯ ಪುಡಿಯಲ್ಲಿ ಕಾಫಿ, ಚಿಕೋರಿ 80:20 ಇಲ್ಲವೇ 70:30. ನೂರರಲ್ಲಿ ಕಾಫಿ ಕನಿಷ್ಠ 51 ಭಾಗ ಇರಬೇಕು ಅಂತ ಕಾನೂನು, ಉಳಿದದ್ದು ಚಿಕೋರಿ ಇರಬಹುದು. ಆ ಕಪ್ಪು ಬಣ್ಣ, ಬಾಯಲ್ಲಿ ನಿಲ್ಲುವ ಮಂದ, ಸ್ವಲ್ಪ ಸಿಹಿಗಹಿ ಎಲ್ಲ ಅದರದ್ದು. ಕ್ಯಾಪ್ಸುಲಿನಲ್ಲಿ ಸಾಮಾನ್ಯವಾಗಿ ಬರೀ ಕಾಫಿ. ಹಾಗಾಗಿ ದೊಡ್ಡ ಕಪ್ಪಿನ ಗುಂಡಿ ಒತ್ತಬೇಡಿ, ಅದೇ 5 ಗ್ರಾಂ ಪುಡಿಗೆ 110 ಮಿಲಿ ನೀರು ಹೋಗಿ ಒಗರಾಗುತ್ತದೆ. 40 ಮಿಲಿಯ ಚಿಕ್ಕ ಗುಂಡಿ ಒತ್ತಿ. ಇನ್ನೂ ಗಟ್ಟಿ ಬೇಕಾದರೆ 30ಕ್ಕೇ ನಿಲ್ಲಿಸಿ. ಕ್ಯಾಪ್ಸುಲ್ ಕೊಳ್ಳುವಾಗ ರೋಬಸ್ಟಾ ಅನ್ನುವ ಕಹಿ ಜಾಸ್ತಿಯಿರುವ ಕಾಫಿ ಬೀಜ ಬೆರೆತಿರುವ, ಜಾಸ್ತಿ ಹುರಿದದ್ದನ್ನು ಆರಿಸಿ. ಹಾಲು 80 ಮಿಲಿ ಮೀರದಿರಲಿ, ಉಕ್ಕು ಬಂದ ತಕ್ಷಣದ ಹಾಲು.

ಶ್ರೀರಂಗಪಟ್ಟಣ ಹೋಂಸ್ಟೇ:

ಸ್ಟೀಲಿನ ಮತ್ತೆ ಮತ್ತೆ ತುಂಬುವ ಕ್ಯಾಪ್ಸುಲ್ ಸಿಗುತ್ತದೆ. ಖರ್ಚು ತುಂಬಾ ಇಳಿಯುತ್ತದೆ. ಆದರೆ ನಾನು ಮಾಡಿದ ತಪ್ಪು ನೀವು ಮಾಡಬೇಡಿ. ಮನೆಯ ಚಿಕೋರಿ ಪುಡಿಯನ್ನೇ ಒತ್ತಿ ತುಂಬಿದೆ. ಚಿಕೋರಿ ಬಿಸಿನೀರು ತಾಗಿದರೆ ಅಂಟಂಟಾಗಿ ತೂತುಗಳನ್ನೆಲ್ಲ ಮುಚ್ಚಿಬಿಡುತ್ತದೆ. ಪಂಪು ಅರಚಿಕೊಂಡಿತು, ಪಕ್ಕದಿಂದ ನೀರು ಸೋರಿತು. ಚಿಕೋರಿ ಇಲ್ಲದ ಪುಡಿ, ಸಡಿಲವಾಗಿ, ಅಂಚಿನ ಮೇಲೆ ಒಂದು ಕಣವೂ ಇಲ್ಲದ ಹಾಗೆ ತುಂಬಬೇಕು. ಬೆರಳು ನೋವಿರುವ ನಿಮ್ಮಮ್ಮನಿಗೆ ಇದು ಬೇಡ ಅನಿಸುತ್ತದೆ, ಮುಚ್ಚಳ ತಿರುಗಿಸಬೇಕು.

ಇನ್ನೊಂದು. ಖಾಲಿ ಕ್ಯಾಪ್ಸುಲ್ ಬೀಳುವ ಡಬ್ಬ ದಿನಾ ಖಾಲಿ ಮಾಡಿ. ನಾನು ಹೋದ ಮಳೆಗಾಲದಲ್ಲಿ ಐದು ದಿನ ಊರಲ್ಲಿರಲಿಲ್ಲ. ಬಂದು ಎಳೆದು ನೋಡಿದರೆ ಕ್ಯಾಪ್ಸುಲ್ ಮೇಲೆಲ್ಲ ಹತ್ತಿಯ ಹಾಗೆ ಬೂಷ್ಟು. ಹನಿ ತಟ್ಟೆಯ ಕೆಳಗೆ ಜಿರಳೆ ಮರಿ. ಬೆಚ್ಚಗೆ, ಕತ್ತಲೆ, ತೇವ, ಅವಕ್ಕೆ ಬೇಕಾದದ್ದೆಲ್ಲ ಅಲ್ಲಿದೆ. ಔಷಧಿ ಹೊಡೆಯಬೇಡಿ, ಅದು ಕಾಫಿಗೆ ಬರುತ್ತದೆ. ರಾತ್ರಿ ತಟ್ಟೆ, ಡಬ್ಬ ತೊಳೆದು ಮಗುಚಿಟ್ಟರೆ ಬರುವುದಿಲ್ಲ. ಊರಿಗೆ ಹೋಗುವಾಗ ಟ್ಯಾಂಕಿನ ನೀರನ್ನೂ ಚೆಲ್ಲಿ ಹೋಗಿ.

ಕುಂಬಾರಕೊಪ್ಪಲು:

ಖಾಲಿ ಕ್ಯಾಪ್ಸುಲ್ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಬಡಾವಣೆಯ ಘಟಕದಲ್ಲಿ ಕಸ ಕೈಯಲ್ಲೇ ಬೇರೆ ಮಾಡುತ್ತಾರೆ. ಒದ್ದೆ ಪುಡಿ ತುಂಬಿದ ಕ್ಯಾಪ್ಸುಲ್ ಹಸಿ ಕಸಕ್ಕೂ ಸೇರುವುದಿಲ್ಲ, ಒಣ ಕಸಕ್ಕೂ ಸೇರುವುದಿಲ್ಲ. ಚಮಚದ ತುದಿಯಿಂದ ಮುಂದಿನ ಹಾಳೆ ಹರಿದು ಪುಡಿ ಗಿಡದ ಬುಡಕ್ಕೆ ಹಾಕಿ. ಕ್ಯಾಪ್ಸುಲ್ ತೊಳೆದು ಒಂದು ಡಬ್ಬಿಯಲ್ಲಿ ಕೂಡಿಡಿ. ಅಲ್ಯೂಮಿನಿಯಂ ಅಲ್ವಾ, ಗುಜರಿಯವರು ತೂಕಕ್ಕೆ ತಗೊಳ್ಳುತ್ತಾರೆ. ಎರಡು ನಿಮಿಷದ ಕೆಲಸ. ಮೈಸೂರು 2015, 2016ರಲ್ಲಿ ದೇಶದ ಸ್ವಚ್ಛ ನಗರ ಅನ್ನಿಸಿಕೊಂಡಿದ್ದರ ಹಿಂದೆ ಆ ಕೈಗಳ ದುಡಿಮೆ ಇದೆ.

ವಿವಿ ನಗರದ ಮಗಳು:

ಶನಿವಾರ ರಾತ್ರಿ ಮಂಡ್ಯದಿಂದ ಬರೆಯುತ್ತಿದ್ದೇನೆ. ಆದದ್ದನ್ನೆಲ್ಲ ಹೇಳುತ್ತೇನೆ.

ಮೊದಲು ಕ್ಯಾಪ್ಸುಲ್ ಕೂರುವ ಜಾಗಕ್ಕೆ ಮೊಬೈಲ್ ಲೈಟ್ ಬಿಟ್ಟು ನೋಡಿದೆ. ಒಳಗೆ ಚಿಕ್ಕ ಚಿಕ್ಕ ಚೌಕದ ಮುಳ್ಳಿರುವ ಒಂದು ತಟ್ಟೆ. ಚೌಕಗಳ ನಡುವಿನ ಸಂದಿಯಲ್ಲೆಲ್ಲ ಕಪ್ಪು ಮಡ್ಡಿ ಒಣಗಿ ಬೆಲ್ಲದ ಪಾಕದ ಹಾಗೆ ಅಂಟಿತ್ತು. ಹಳೇ ಹಲ್ಲುಜ್ಜುವ ಬ್ರಷ್ಷನ್ನು ಬಿಸಿನೀರಿಗೆ ಅದ್ದಿ ಉಜ್ಜಿದೆ. ನಾಲ್ಕೈದು ಸಲ ಬ್ರಷ್ ತೊಳೆದ ಮೇಲೆ ಲೋಹದ ಹೊಳಪು ಕಂಡಿತು.

ಆಮೇಲೆ ನಿಂಬೆ ಉಪ್ಪು. ಗುಂಡಿ ಒತ್ತಿದಾಗ ಮೊದಲು ಏನೂ ಬರಲಿಲ್ಲ, ಬರೀ ಸದ್ದು. ಆಮೇಲೆ ಹನಿ. ಕಾಲು ಗಂಟೆ ಬಿಟ್ಟು ಮತ್ತೆ ಒತ್ತಿದೆ. ಬುಸ್ ಅಂತ ನೊರೆ ಬಂತು, ಅದರ ಹಿಂದೆ ಮಜ್ಜಿಗೆ ತಿಳಿಯಂಥ ನೀರು. ಪಾತ್ರೆ ಬಗ್ಗಿಸಿ ನೋಡಿದರೆ ತಳದಲ್ಲಿ ಬಿಳಿ ಮರಳು. ಬೆರಳಲ್ಲಿ ಉಜ್ಜಿದರೆ ರವೆಯ ಹಾಗೆ ಗರಗರ. ಇಷ್ಟೆಲ್ಲ ಆ ಸಣ್ಣ ಕೊಳವೆಯಲ್ಲಿತ್ತು ಅಂದರೆ ನಂಬುವುದು ಕಷ್ಟ. ಇನ್ನೊಂದು ಸುತ್ತು ಹೊಸ ದ್ರಾವಣ ಹಾಕಿದೆ. ಮೂರು ಟ್ಯಾಂಕ್ ಕಾವೇರಿ ನೀರು ಹೊಡೆಸಿದೆ. ಎರಡನೇ ಟ್ಯಾಂಕ್ ಹೋಗುವಾಗ ಸದ್ದು ಬದಲಾಯಿತು. ನಡುಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಮ್ಮ ಅಲ್ಲಿಂದಲೇ, "ಹಳೇ ಸದ್ದು ಬಂತಲ್ಲೇ" ಅಂದರು.

ಕ್ಯಾಪ್ಸುಲ್ ಹಾಕಿ ಸಮಯ ನೋಡಿದೆ, 28 ಸೆಕೆಂಡು. ಲೋಟ ಹಿಡಿದರೆ ಕೈ ಸುಡುವಷ್ಟು ಬಿಸಿ. ತೋಟದ ಮನೆಯವರು ಹೇಳಿದ ಹಾಗೆ 30 ಮಿಲಿಗೆ ನಿಲ್ಲಿಸಿ ಹಾಲು ಕಮ್ಮಿ ಹಾಕಿಕೊಟ್ಟೆ. ಅಮ್ಮ ಪೂರ್ತಿ ಕುಡಿದು ಲೋಟ ಕೆಳಗಿಟ್ಟ ಮೇಲೆಯೇ ಮಾತಾಡಿದ್ದು. "ಈಗ ಸ್ವಲ್ಪ ಕಾಫಿ ಥರ ಇದೆ."

ಮಂಡ್ಯ ನೀರಿನ ಕೆಲಸ:

ಸಂತೋಷ ಆಯಿತು ಅಕ್ಕ. ಇನ್ನು ಮೇಲೆ ಬೋರ್ ನೀರು ಬೇಡ. ಕಾವೇರಿ ನೀರು ತೀರಿದ ದಿನ ಬೋರ್ ನೀರನ್ನೇ ಹಾಕಬೇಕಾಗಿ ಬಂದರೆ ಹತ್ತು ನಿಮಿಷ ಕುದಿಸಿ, ತಣ್ಣಗಾಗಲು ಬಿಟ್ಟು, ಅಲ್ಲಾಡಿಸದೆ ಮೇಲಿನ ತಿಳಿ ಮಾತ್ರ ಬಗ್ಗಿಸಿಕೊಳ್ಳಿ. ಸುಣ್ಣದಲ್ಲಿ ತುಂಬಾ ಭಾಗ ಪಾತ್ರೆಯ ತಳದಲ್ಲೇ ಉಳಿಯುತ್ತದೆ. ಬರೀ ಆರ್.ಓ. ನೀರನ್ನೇ ಹಾಕಿ ಅಂತ ನಾನು ಹೇಳುವುದಿಲ್ಲ, ನನ್ನ ವ್ಯಾಪಾರ ಅದೇ ಆದರೂ. ಉಪ್ಪಿನಂಶ ಪೂರ್ತಿ ತೆಗೆದ ನೀರಿನಲ್ಲಿ ಕಾಫಿ ಸಪ್ಪೆ. ಕೆಲವು ಮಿಷನ್ನಿನ ಸೆನ್ಸರಿಗೆ ಅಂಥ ನೀರು ಗೊತ್ತೇ ಆಗುವುದಿಲ್ಲ, ಟ್ಯಾಂಕ್ ಖಾಲಿ ಅಂತ ತೋರಿಸುತ್ತದೆ. ಕಾವೇರಿ ನೀರಾದರೆ ಮೂರು ತಿಂಗಳಿಗೊಮ್ಮೆ ನಿಂಬೆ ಉಪ್ಪು ಸಾಕು.

ಗೋಕುಲಂ ಮೂರನೇ ಹಂತ:

ಹಿಡಿಕೆ ಒತ್ತುವುದು ಅಮ್ಮನಿಗೆ ಕಷ್ಟವಾಗುತ್ತಿದೆಯಾ? ನಮ್ಮತ್ತೆಗೆ ಆಗುತ್ತಿತ್ತು. ಕಟ್ಟೆಯ ಮೇಲಿದ್ದ ಮಿಷನ್ನನ್ನು ಮೊಣಕಾಲೆತ್ತರದ ಗಟ್ಟಿ ಸ್ಟೂಲಿಗೆ ಇಳಿಸಿದೆವು. ಈಗ ಕುರ್ಚಿಯಲ್ಲಿ ಕೂತು ಅಂಗೈಯ ಬುಡದಿಂದ ಒತ್ತುತ್ತಾರೆ, ಬೆರಳಿಗೆ ಕೆಲಸವೇ ಇಲ್ಲ.

ವಿವಿ ನಗರದ ಮಗಳು:

ಇದು ನನಗೆ ಹೊಳೆದೇ ಇರಲಿಲ್ಲ ಅಕ್ಕ! ಅಮ್ಮ ಎರಡೂ ಹೆಬ್ಬೆರಳು ಸೇರಿಸಿ ಒತ್ತುವುದನ್ನು ಇವತ್ತೇ ನೋಡಿದೆ. ಮುಖ ಹಿಂಡಿಕೊಂಡು ಒತ್ತುತ್ತಾರೆ, ಹೇಳಿಕೊಳ್ಳುವುದಿಲ್ಲ. ಅಪ್ಪನ ಹಳೇ ತೇಗದ ಸ್ಟೂಲ್ ಅಟ್ಟದಲ್ಲಿದೆ, ನಾಳೆ ಇಳಿಸುತ್ತೇನೆ.

ಬೋಗಾದಿ ವೈರಿಂಗ್:

ಸಾಕೆಟ್ ವಿಷಯ ಏನಾಯಿತು ಮೇಡಂ?

ವಿವಿ ನಗರದ ಮಗಳು:

ಸೋಮವಾರ ಎಲೆಕ್ಟ್ರಿಷಿಯನ್ ಬರುತ್ತಾರೆ ಸರ್. ಸ್ಟೂಲ್ ಇಡುವ ಗೋಡೆಗೇ 16 ಆಂಪ್ ಸಾಕೆಟ್ ಬೇರೆ ಲೈನಿನಲ್ಲಿ ಹಾಕಿಸುತ್ತಿದ್ದೇನೆ, ಸ್ವಿಚ್ ಅಮ್ಮನಿಗೆ ಕೂತಲ್ಲೇ ಎಟುಕುವ ಹಾಗೆ. ಅಲ್ಲಿಯವರೆಗೂ ನಾನು ಇಲ್ಲೇ ಇರುತ್ತೇನೆ. ಎಕ್ಸ್‌ಟೆನ್ಷನ್ ಬಾಕ್ಸಿನ ಒಂದು ತೂತು ಕಂದು ಬಣ್ಣಕ್ಕೆ ತಿರುಗಿತ್ತು. ಅದನ್ನು ನನ್ನ ಬ್ಯಾಗಿಗೆ ಹಾಕಿಕೊಂಡಿದ್ದೇನೆ.